ಮದುವೆಗೆ ಮುನ್ನ ಹೊಂದಿಕೆ ನೋಡುವುದು ಹೇಗೆ? ಹೊಸ ಜೋಡಿಗಳಿಗೆ ಹಂತ ಹಂತದ ಕೈಪಿಡಿ

ಗಂಡಿನ ಮನೆಯವರೂ ಹೆಣ್ಣಿನ ಮನೆಯವರೂ ಮೊದಲ ಸಲ ಫೋನಿನಲ್ಲಿ ಮಾತಾಡುವಾಗ ಬರುವ ಪ್ರಶ್ನೆಗಳು ನಮಗೆಲ್ಲ ಬಾಯಿಪಾಠ. ಯಾವ ಊರು, ಯಾವ ಪಂಗಡ, ಗೋತ್ರವೋ ಬೆಡಗೋ ಯಾವುದು, ನಕ್ಷತ್ರ ಯಾವುದು, ಏನು ಓದಿದ್ದಾರೆ, ಸಂಬಳ ಎಷ್ಟು, ಸ್ವಂತ ಮನೆ ಇದೆಯಾ? ಈ ಎಲ್ಲ ಪ್ರಶ್ನೆಗಳ ಹಿಂದೆ ಇರುವುದು ಒಂದೇ ಕುತೂಹಲ: ಇವರು ನಮ್ಮಂಥವರೇನಾ?

ಈ ಕುತೂಹಲದಲ್ಲಿ ತಪ್ಪೇನಿಲ್ಲ. ತಮ್ಮಂಥವರ ಜೊತೆ ಬಾಳುವುದು ಸುಲಭ ಅನ್ನುವುದು ಹಿರಿಯರ ಅನುಭವದ ಮಾತು, ಅದರಲ್ಲಿ ಸತ್ಯವೂ ಇದೆ. ಆದರೆ ಗಂಡ-ಹೆಂಡತಿ ಒಂದೇ ಥರ ಇರಲೇಬೇಕಾದ ವಿಷಯಗಳು ಕೆಲವೇ ಕೆಲವು, ಅವುಗಳಲ್ಲಿ ಹೆಚ್ಚಿನವು ಬಯೋಡೇಟಾದಲ್ಲಿ ಇರುವುದೇ ಇಲ್ಲ. ಉಳಿದ ನೂರು ವಿಷಯಗಳಲ್ಲಿ ಇಬ್ಬರೂ ಬೇರೆ ಬೇರೆಯಾಗಿದ್ದರೂ ಸಂಸಾರ ಚೆನ್ನಾಗಿ ನಡೆಯುತ್ತದೆ, ಅದನ್ನು ನಿಭಾಯಿಸುವ ರೀತಿ ಗೊತ್ತಿದ್ದರೆ. ಆ ಕೆಲವನ್ನು ಗುರುತಿಸುವುದು ಹೇಗೆ, ಉಳಿದದ್ದನ್ನು ನಿಭಾಯಿಸುವುದು ಹೇಗೆ ಎಂದು ಈ ಕೈಪಿಡಿ ಹೇಳಿಕೊಡುತ್ತದೆ.

ಮಾತುಕತೆ ನಡೆಯುತ್ತಿರುವವರು, ನಿಶ್ಚಿತಾರ್ಥ ಆದವರು, ಪ್ರೀತಿಸಿ ಮದುವೆಗೆ ಹೊರಟವರು, ಮದುವೆಯಾಗಿ ಒಂದೆರಡು ವರ್ಷ ಆದವರು, ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ. ಬೇಕಾಗುವ ಸಾಮಾನು: ಎರಡು ನೋಟ್‌ಬುಕ್, ಎರಡು ಪೆನ್ನು, ಯಾರೂ ನಡುವೆ ಬಂದು ಕೂರದ ಒಂದು ಜಾಗ. ಒಂದೇ ದಿನ ಎಲ್ಲ ಹಂತ ಮುಗಿಸುವ ಅವಸರ ಬೇಡ. ವಾರಕ್ಕೆ ಒಂದು ಹಂತ ಮಾಡಿದರೆ ಸಾಕು.

ಶುರು ಮಾಡುವ ಮೊದಲು: ಸಂಶೋಧನೆ ಏನು ಹೇಳುತ್ತದೆ?

ವಿರುದ್ಧ ಸ್ವಭಾವದವರು ಪರಸ್ಪರ ಸೆಳೆಯುತ್ತಾರೆ ಎಂಬ ಮಾತು ಸಿನಿಮಾಗಳಿಗೆ ಚೆನ್ನಾಗಿದೆ, ಆದರೆ ಲೆಕ್ಕ ಹಾಕಿ ನೋಡಿದವರಿಗೆ ಅದು ಕಂಡಿಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. ಜೊತೆಗೆ ಬ್ರಿಟನ್ನಿನ ಸುಮಾರು 80,000 ಜೋಡಿಗಳ ಮಾಹಿತಿಯನ್ನೂ ನೋಡಿದರು. ಪರಿಶೀಲಿಸಿದ ಗುಣಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಗುಣಗಳಲ್ಲಿ ಜೋಡಿಗಳು ಒಂದಿಷ್ಟಾದರೂ ಒಂದೇ ಥರ ಇದ್ದರು. ಧಾರ್ಮಿಕ ಮತ್ತು ರಾಜಕೀಯ ನಿಲುವು, ಓದು, ಸಿಗರೇಟು-ಮದ್ಯದ ಅಭ್ಯಾಸ ಇವುಗಳಲ್ಲಿ ಸಾಮ್ಯ ಜೋರಾಗಿತ್ತು. ಮಾತುಗಾರ್ತಿಗೆ ಮೌನಿ ಗಂಡ ಸಿಗುತ್ತಾನೋ ಮಾತುಗಾರನೇ ಸಿಗುತ್ತಾನೋ ಅನ್ನುವಂಥ ಸ್ವಭಾವದ ವಿಷಯಗಳಲ್ಲಿ ಮಾತ್ರ ಸಾಮ್ಯ ತೀರಾ ಕಡಿಮೆ.

ಹಾಗಾದರೆ ಒಂದೇ ಥರದವರು ಹೆಚ್ಚು ಸುಖವಾಗಿರುತ್ತಾರೆಯೇ? ಇಲ್ಲಿ ಉತ್ತರ ಬೇರೆ ದಿಕ್ಕಿಗೆ ಹೋಗುತ್ತದೆ. ಆಸ್ಟ್ರೇಲಿಯಾ, ಬ್ರಿಟನ್, ಜರ್ಮನಿಯ ಸಾವಿರಾರು ದಂಪತಿಗಳ ಮಾಹಿತಿ ನೋಡಿದ 2010ರ ಅಧ್ಯಯನವೊಂದು, ಸ್ವಭಾವದ ಸಾಮ್ಯದಿಂದ ಸಿಗುವ ಸುಖ ಬಹಳ ಅಲ್ಪ ಎಂದು ಕಂಡುಕೊಂಡಿತು. ಪ್ರತಿಯೊಬ್ಬರ ಸ್ವಂತ ಸ್ವಭಾವ ಹೇಗಿದೆ ಅನ್ನುವುದೇ ಹೆಚ್ಚು ಪರಿಣಾಮ ಬೀರುತ್ತಿತ್ತು. 2008ರಲ್ಲಿ ಮುನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಈಗಾಗಲೇ ಜೊತೆಗಿರುವವರಲ್ಲಿ ಒಲವಿಗೆ ಸಂಬಂಧ ಇದ್ದದ್ದು ನಿಜವಾದ ಸಾಮ್ಯಕ್ಕಲ್ಲ, ‘ನಾವಿಬ್ಬರೂ ಒಂದೇ ಥರ’ ಎಂಬ ಭಾವನೆಗೆ.

ಆದ್ದರಿಂದ ಈ ಹಂತಗಳಲ್ಲಿ ನಾವು ಅಂಕ ಹಾಕುವುದಿಲ್ಲ. ಎಲ್ಲಿ ಒಂದಾಗಲೇಬೇಕು, ಎಲ್ಲಿ ಬೇರೆಯಿದ್ದರೂ ಸರಿ ಎಂದು ವಿಂಗಡಿಸುತ್ತೇವೆ.

ಹಂತ 1: ಈಗಾಗಲೇ ನೋಡಿರುವ ಹೊಂದಿಕೆ ಯಾವುದು? ಬರೆದಿಡಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮನೆಯವರು ಏನೇನು ನೋಡಿದ್ದಾರೆ ಎಂದು ಬರೆಯಿರಿ. ಜಾತಿ, ಓದು, ವಯಸ್ಸಿನ ಅಂತರ, ಎತ್ತರ, ಕೆಲಸ, ಆಸ್ತಿ, ಸಾಲಾವಳಿ.

ಸಾಲಾವಳಿಯ ಬಗ್ಗೆ ಒಂದು ಮಾತು. ಪ್ರಚಲಿತ ಲೆಕ್ಕದಲ್ಲಿ ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಕೂಟಕ್ಕೆ 7, ನಾಡಿಗೆ 8, ಒಟ್ಟು 36 ಗುಣ. ಹದಿನೆಂಟು ದಾಟಿದರೆ ಆಗಬಹುದು ಅನ್ನುತ್ತಾರೆ. ಈ ಲೆಕ್ಕಕ್ಕೆ ಬೇಕಾಗುವುದು ಇಬ್ಬರ ಜನ್ಮನಕ್ಷತ್ರ ಮತ್ತು ರಾಶಿ ಮಾತ್ರ. ಹುಡುಗನ ಮೇಲೆ ಸಾಲ ಎಷ್ಟಿದೆ, ಹುಡುಗಿಗೆ ಮದುವೆಯ ನಂತರವೂ ಓದುವ ಆಸೆ ಇದೆಯೇ, ಮಗು ಯಾವಾಗ ಬೇಕು ಎಂಬ ಪ್ರಶ್ನೆಗಳು ಅಲ್ಲಿಗೆ ಬರುವುದೇ ಇಲ್ಲ. ಜಾತಕ ನೋಡುವ ಮನೆಯವರು ನೋಡಲಿ. ಅಲ್ಲಿ ಮೂವತ್ತು ಗುಣ ಬಂತೆಂದು ಮುಂದಿನ ಹಂತಗಳನ್ನು ಬಿಡಬೇಡಿ.

ಈಗ ಪುಟದ ಕೆಳಗೆ ಇನ್ನೊಂದು ಪಟ್ಟಿ: ಇನ್ನೂ ಯಾರೂ ಕೇಳದ ವಿಷಯಗಳು. ಹಣ, ಮನೆಗೆಲಸ, ಊಟ, ತಂದೆತಾಯಿ, ಮಕ್ಕಳು, ದೇವರು-ಆಚರಣೆ, ವಾಸದ ಊರು, ಕೋಪ ಬಂದಾಗ ನಡೆದುಕೊಳ್ಳುವ ರೀತಿ. ಈ ಎಂಟು ವಿಷಯಗಳೇ ಮುಂದಿನ ಕೆಲಸಕ್ಕೆ ಆಧಾರ.

ಹಂತ 2: ಬೇರೆ ಬೇರೆ ಕೂತು ಬರೆಯಿರಿ, ಆಮೇಲೆ ಊಹಿಸಿ

ಮೊದಲ ಭೇಟಿಗಳಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ‘ನಂಗೂ ಅಷ್ಟೇ’, ‘ನಮ್ಮನೇಲೂ ಹಾಗೇ’ ಅನ್ನುವ ಮಾತು ಬಹಳ ಸುಲಭವಾಗಿ ಬರುತ್ತದೆ. ಅದರಲ್ಲಿ ಮೋಸ ಇರುವುದಿಲ್ಲ, ಇಷ್ಟವಾಗಬೇಕೆಂಬ ಆಸೆ ಇರುತ್ತದೆ. ಅದಕ್ಕೇ ಮಾತಿಗಿಂತ ಮೊದಲು ಬರಹ ಬೇಕು.

ಎಂಟು ವಿಷಯಕ್ಕೂ ಒಂದೊಂದು ನೇರ ಪ್ರಶ್ನೆ ಮಾಡಿಕೊಳ್ಳಿ. ಇಬ್ಬರೂ ಪ್ರತ್ಯೇಕವಾಗಿ ಉತ್ತರ ಬರೆಯಿರಿ. ಆಮೇಲೆ ಅದೇ ಪ್ರಶ್ನೆಗೆ ಇನ್ನೊಬ್ಬರು ಏನು ಬರೆದಿರಬಹುದು ಎಂಬ ನಿಮ್ಮ ಊಹೆಯನ್ನೂ ಪಕ್ಕದಲ್ಲಿ ಬರೆಯಿರಿ. ಕೊನೆಗೆ ನೋಟ್‌ಬುಕ್ ಅದಲುಬದಲು ಮಾಡಿಕೊಳ್ಳಿ.

ಒಂದು ಉದಾಹರಣೆ ನೋಡೋಣ. ಪ್ರಶ್ನೆ: ತಂದೆತಾಯಿಗೆ ವಯಸ್ಸಾದಾಗ ಎಲ್ಲಿರಬೇಕು? ಹುಡುಗ ಬರೆದದ್ದು: ‘ನಮ್ಮ ಜೊತೆಗೇ.’ ಹುಡುಗಿಯ ಉತ್ತರದ ಬಗ್ಗೆ ಅವನ ಊಹೆ: ‘ಅವರೂ ಒಪ್ಪುತ್ತಾರೆ.’ ಹುಡುಗಿ ಬರೆದದ್ದು: ‘ಎರಡೂ ಕಡೆಯವರು ಹತ್ತಿರದಲ್ಲೇ, ಬೇರೆ ಮನೆಯಲ್ಲಿ.’

“ಎರಡೂ ಕಡೆ ಅಂದ್ರೆ ನಿಮ್ಮ ಅಪ್ಪ-ಅಮ್ಮನೂ ಬೆಂಗಳೂರಿಗೆ ಬರ್ತಾರಾ?”

“ನಾನು ಒಬ್ಬಳೇ ಮಗಳು. ಅವರನ್ನ ಹಾವೇರೀಲಿ ಬಿಟ್ಟು ಇರೋಕಾಗಲ್ಲ. ನೀವು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.”

“ನಾನು ನಮ್ಮ ಅಪ್ಪ-ಅಮ್ಮನ ಬಗ್ಗೆ ಅಷ್ಟೇ ಯೋಚನೆ ಮಾಡಿದ್ದೆ.”

ಇಬ್ಬರ ಉದ್ದೇಶವೂ ಒಂದೇ: ಹೆತ್ತವರನ್ನು ಕೈಬಿಡಬಾರದು. ಆದರೆ ಅದು ಮನೆಯ ರೂಪ ತಾಳುವಾಗ ಎರಡು ದಾರಿ ಹಿಡಿದಿದೆ. ಈ ಮಾತು ಮದುವೆಗೆ ಮುಂಚೆ ಬಂದರೆ ಅರ್ಧ ಗಂಟೆಯ ಚರ್ಚೆ. ಮದುವೆಯಾಗಿ ಐದು ವರ್ಷಕ್ಕೆ, ಮಾವನವರಿಗೆ ಹುಷಾರಿಲ್ಲದ ದಿನ ಬಂದರೆ ದೊಡ್ಡ ಜಗಳ. ಊಹೆ ಎಲ್ಲೆಲ್ಲಿ ತಪ್ಪಿತೋ ಅಲ್ಲೆಲ್ಲ ಒಂದು ಗುರುತು ಹಾಕಿ. ಉತ್ತರ ಬೇರೆಯಿದ್ದ ಜಾಗಕ್ಕಿಂತ ಊಹೆ ತಪ್ಪಿದ ಜಾಗಕ್ಕೆ ಹೆಚ್ಚು ಗಮನ ಬೇಕು, ಏಕೆಂದರೆ ಅಲ್ಲಿ ಮಾತೇ ಆಗಿಲ್ಲ ಎಂದರ್ಥ.

ಹಂತ 3: ಮೂರು ಗುಂಪು ಮಾಡಿ

ಕಂಡುಬಂದ ವ್ಯತ್ಯಾಸಗಳನ್ನು ಮೂರು ಗುಂಪಿಗೆ ಹಂಚಿ.

ಮೊದಲನೆಯದು, ಒಂದಾಗಲೇಬೇಕಾದವು. ಮಕ್ಕಳು ಬೇಕೇ ಬೇಡವೇ? ಇಬ್ಬರೂ ದುಡಿಯುತ್ತೇವೆಯೇ? ಯಾವ ದೇಶ, ಯಾವ ಊರು? ಕುಡಿತ, ಜೂಜು, ಸುಳ್ಳು, ಕೈಮಾಡುವುದು ಇವುಗಳಿಗೆ ಗೆರೆ ಎಲ್ಲಿ? ಇಲ್ಲಿ ಮಧ್ಯದ ದಾರಿ ಇರುವುದಿಲ್ಲ. ಅರ್ಧ ಮಗು ಹೆರಲಾಗದು, ಅರ್ಧ ಕೆನಡಾಕ್ಕೆ ಹೋಗಲಾಗದು.

ಎರಡನೆಯದು, ಮಾತಾಡಿ ಒಪ್ಪಂದಕ್ಕೆ ಬರಬಹುದಾದವು. ಹಣ, ಮನೆಗೆಲಸ, ಅಡುಗೆಮನೆಯ ನಿಯಮ, ಹಬ್ಬ, ತವರಿಗೆ ಹೋಗಿಬರುವುದು. ಸಂಸಾರದ ಹೆಚ್ಚಿನ ಕೆಲಸ ಈ ಗುಂಪಿನದೇ.

ಮೂರನೆಯದು, ಹಾಗೇ ಬಿಡಬಹುದಾದವು. ಒಬ್ಬರಿಗೆ ಕ್ರಿಕೆಟ್, ಇನ್ನೊಬ್ಬರಿಗೆ ಧಾರಾವಾಹಿ. ಒಬ್ಬರು ಬೆಳಗ್ಗೆ ಐದಕ್ಕೆ ಏಳುವವರು, ಇನ್ನೊಬ್ಬರಿಗೆ ರಾತ್ರಿಯೇ ಹುರುಪು. ಒಬ್ಬರು ಮಾತು, ಒಬ್ಬರು ಮೌನ. ಇವು ಒಂದೇ ಥರ ಇದ್ದರೆ ಸಂತೋಷ, ಇಲ್ಲದಿದ್ದರೆ ನಷ್ಟವಿಲ್ಲ.

ಮೊದಲ ಗುಂಪಿನಲ್ಲಿ ಒಂದಾದರೂ ದೊಡ್ಡ ವಿಷಯ ಕೂಡದೆ ಹೋದರೆ, ಮದುವೆಯಾದ ಮೇಲೆ ಸರಿಹೋಗುತ್ತದೆ ಎಂದು ಮುಂದುವರಿಯಬೇಡಿ. ನಿಶ್ಚಿತಾರ್ಥ ಆಗಿದ್ದರೂ ಬೇಡ ಅನ್ನುವ ಹಕ್ಕು ಇಬ್ಬರಿಗೂ ಇದೆ. ಛತ್ರಕ್ಕೆ ಕೊಟ್ಟ ಮುಂಗಡ ಹೋಗಬಹುದು, ನಾಲ್ಕು ಜನ ನಾಲ್ಕು ಮಾತಾಡಬಹುದು. ಇನ್ನೊಬ್ಬರ ಬದುಕನ್ನು ಆ ದುಡ್ಡಿಗೆ, ಆ ಮಾತಿಗೆ ಒತ್ತೆ ಇಡಬಾರದು. ಹೇಳುವುದಾದರೆ ನೇರವಾಗಿ ಅವರಿಗೇ ಹೇಳಿ, ಮಧ್ಯಸ್ಥರ ಮೂಲಕ ಕಾರಣ ತಿರುಚಿ ಹೇಳಿಸಬೇಡಿ.

ಹಂತ 4: ಹಣದ ಪುಟ ಬರೆಯಿರಿ

ಹಣದ ವಿಷಯದಲ್ಲಿ ಮಾತ್ರ ವಿರುದ್ಧ ಸ್ವಭಾವದವರು ಒಬ್ಬರನ್ನೊಬ್ಬರು ಆರಿಸಿಕೊಳ್ಳುವುದುಂಟು. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೈಬಿಗಿಯವರೂ ಧಾರಾಳಿಗಳೂ ಪರಸ್ಪರ ಮದುವೆಯಾಗುವ ಒಲವು ಕಂಡಿತು. ಆಮೇಲೆ ಹಣಕ್ಕಾಗಿ ಜಗಳ ಆಡುತ್ತಿದ್ದವರೂ ಅವರೇ. ಇಬ್ಬರೂ ಧಾರಾಳಿಗಳಾಗಿದ್ದ ಮನೆಗಳಲ್ಲಿ ಸಾಲ ಹೆಚ್ಚು, ಜಗಳ ಕಡಿಮೆ.

ಇದನ್ನು ನೆನಪಿಡಿ: ಗಂಡ-ಹೆಂಡತಿ ಒಂದೇ ಥರ ಇದ್ದರೆ ಮನೆಯಲ್ಲಿ ಶಾಂತಿ ಇರಬಹುದು, ಆ ಶಾಂತಿಯೊಳಗೇ ಸಾಲ ಬೆಳೆಯಬಹುದು. ಕುಡಿತದಲ್ಲೂ ಹೀಗೆಯೇ. ನಾರ್ವೆಯ ದಂಪತಿಗಳ ಅಧ್ಯಯನದಲ್ಲಿ, ಒಬ್ಬರು ಮಾತ್ರ ಹೆಚ್ಚು ಕುಡಿಯುವ ಜೋಡಿಗಳಿಗಿಂತ ಇಬ್ಬರೂ ಒಂದೇ ಮಟ್ಟದಲ್ಲಿ ಕುಡಿಯುವ ಜೋಡಿಗಳಲ್ಲಿ ವಿಚ್ಛೇದನ ಕಡಿಮೆ ಇತ್ತು. ಮದುವೆ ಉಳಿದರೂ ಮನೆಯ ಮಕ್ಕಳಿಗೆ ಅದರಿಂದ ಒಳ್ಳೆಯದಾಗುತ್ತದೆ ಎಂದು ಹೇಳಲಾಗದು. ಆದ್ದರಿಂದ ‘ನಾವಿಬ್ಬರೂ ಇದರಲ್ಲಿ ಒಂದೇ’ ಅನ್ನಿಸಿದಾಗಲೂ ಮುಂದಿನ ಪ್ರಶ್ನೆ ಕೇಳಿಕೊಳ್ಳಿ: ಈ ಸಾಮ್ಯ ಮನೆಗೆ ಒಳ್ಳೆಯದೇ?

ಈಗ ಪುಟ ಬರೆಯುವ ರೀತಿ. ಇಬ್ಬರ ಕೈಗೆ ಬರುವ ಸಂಬಳ ಸೇರಿ ತಿಂಗಳಿಗೆ 95,000 ರೂಪಾಯಿ ಎಂದುಕೊಳ್ಳಿ.

- ಮನೆ ಬಾಡಿಗೆ 18,000
- ಅವನ ತಂದೆತಾಯಿಗೆ 10,000, ಅವಳ ತಂದೆತಾಯಿಗೆ 5,000
- ಓದಿನ ಸಾಲದ ಕಂತು 12,000
- ದಿನಸಿ, ಹಾಲು, ತರಕಾರಿ, ಕರೆಂಟು, ಪೆಟ್ರೋಲು 22,000
- ಉಳಿತಾಯ 15,000
- ಹಬ್ಬ, ಮುಯ್ಯಿ, ಊರಿಗೆ ಓಡಾಟ 5,000
- ಇಬ್ಬರಿಗೂ ತಲಾ 4,000, ಯಾರೂ ಲೆಕ್ಕ ಕೇಳದ ದುಡ್ಡು

ಕೊನೆಯ ಸಾಲು ಸಣ್ಣದು, ಆದರೆ ಅದು ಮಾಡುವ ಕೆಲಸ ದೊಡ್ಡದು. ಕೈಬಿಗಿಯವರು ಅದನ್ನು ಕೂಡಿಡಲಿ, ಧಾರಾಳಿಗಳು ತಿಂಗಳ ಮೊದಲ ವಾರದಲ್ಲೇ ಮುಗಿಸಲಿ. ಸ್ವಭಾವ ಬೇರೆಯಿದ್ದರೂ ಮನೆಯ ಲೆಕ್ಕ ಕೆಡುವುದಿಲ್ಲ. ಎರಡನೆಯ ಸಾಲಿನ 10,000 ಮತ್ತು 5,000ದ ಅಂತರ ಯಾಕೆ ಎಂದೂ ಮಾತಾಡಿ. ಕಾರಣ ನ್ಯಾಯವಾಗಿರಬಹುದು, ಮಾತಾಡದೆ ಬಿಟ್ಟರೆ ಮಾತ್ರ ಅದು ಮನಸ್ಸಿನಲ್ಲಿ ಉಳಿಯುತ್ತದೆ. ಇರುವ ಸಾಲ, ಹಾಕಿರುವ ಚೀಟಿ, ಯಾರಿಗಾದರೂ ಜಾಮೀನು ನಿಂತಿದ್ದರೆ ಅದು, ಎಲ್ಲ ಈ ಪುಟದಲ್ಲಿ ಇರಲಿ. ಮದುವೆ ಖರ್ಚನ್ನು ಯಾರು ಎಷ್ಟು ಹಾಕುತ್ತಾರೆ ಎಂಬುದೂ ಇಲ್ಲೇ ತೀರ್ಮಾನವಾಗಲಿ. ವರದಕ್ಷಿಣೆ 1961ರ ಕಾಯ್ದೆಯಂತೆ ಅಪರಾಧ, ಅದಕ್ಕೆ ಉಡುಗೊರೆಯ ಹೆಸರು ಕೊಟ್ಟರೂ.

ಹಂತ 5: ಅಡುಗೆಮನೆ ಮತ್ತು ಮನೆಗೆಲಸ

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಓದು, ಕೆಲಸ, ಸಂಬಳ ಎಲ್ಲದರಲ್ಲೂ ಸರಿಸಮ ಎಂದು ನೋಡಿ ಮಾಡಿದ ಮದುವೆಯೂ ಅಡುಗೆಮನೆಯ ಹೊಸ್ತಿಲಲ್ಲಿ ಅಸಮವಾಗುವುದು ಹೀಗೆ.

ಒಂದು ವಾರ ಬೆಳಗಿನಿಂದ ರಾತ್ರಿಯವರೆಗೆ ಯಾರು ಏನು ಮಾಡಿದರು ಎಂದು ಬರೆಯಿರಿ. ಮದುವೆ ಇನ್ನೂ ಆಗಿಲ್ಲದಿದ್ದರೆ ತಂತಮ್ಮ ಮನೆಯಲ್ಲಿ ನಡೆಯುವುದನ್ನು ಬರೆಯಿರಿ. ಕಣ್ಣಿಗೆ ಕಾಣದ ಕೆಲಸವನ್ನೂ ಸೇರಿಸಿ: ಹಾಲಿನವರ ಲೆಕ್ಕ, ಗ್ಯಾಸ್ ಬುಕ್ ಮಾಡುವುದು, ನಾಳೆಗೆ ಉದ್ದಿನಬೇಳೆ ನೆನೆಹಾಕುವ ನೆನಪು, ಅತ್ತೆಯ ಬಿಪಿ ಮಾತ್ರೆ ಮುಗಿದದ್ದರ ಅರಿವು. ಆಮೇಲೆ ಕೆಲಸಗಳನ್ನು ಇಡಿಇಡಿಯಾಗಿ ಹಂಚಿಕೊಳ್ಳಿ. ‘ಹೇಳು, ಮಾಡ್ತೀನಿ’ ಅನ್ನುವುದು ಹಂಚಿಕೆಯಲ್ಲ, ನೆನಪಿಡುವ ಹೊರೆ ಒಬ್ಬರ ಮೇಲೇ ಉಳಿಯುತ್ತದೆ. ಬೆಳಗಿನ ತಿಂಡಿ ನಿಮ್ಮದು ಅಂದರೆ ಹಿಟ್ಟು ರುಬ್ಬುವುದರಿಂದ ಹಿಡಿದು ಕಾವಲಿ ತೊಳೆಯುವವರೆಗೆ ನಿಮ್ಮದೇ.

ಊಟದ ವ್ಯತ್ಯಾಸ ನಮ್ಮಲ್ಲಿ ಸಣ್ಣದಲ್ಲ. ವಿಜಯಪುರದ ಹುಡುಗಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಅನ್ನಿಸದು, ಮಂಡ್ಯದ ಹುಡುಗನಿಗೆ ಮುದ್ದೆ, ಉಡುಪಿಯವರಿಗೆ ಕುಚ್ಚಲಕ್ಕಿ. ಇದು ಮೂರನೆಯ ಗುಂಪಿನದು, ಪಾಳಿ ಹಾಕಿಕೊಂಡರೆ ಮುಗಿಯಿತು, ಇಬ್ಬರಿಗೂ ಹೊಸ ರುಚಿ ಸಿಗುತ್ತದೆ. ಮಾಂಸಾಹಾರದ ಪ್ರಶ್ನೆ ಮಾತ್ರ ಎರಡನೆಯ ಗುಂಪಿನದು. ಮನೆಯಲ್ಲಿ ಮಾಡುವುದೇ, ಹೊರಗೆ ಮಾತ್ರ ತಿನ್ನುವುದೇ, ಪಾತ್ರೆ ಬೇರೆಯೇ, ಮಗುವಿಗೆ ಮೊಟ್ಟೆ ಕೊಡುವುದೇ? ಈ ನಾಲ್ಕಕ್ಕೂ ಉತ್ತರ ಬರೆದಿಡಿ. ಇಷ್ಟವಿಲ್ಲದವರಿಗೆ ತಿನ್ನಿಸುವುದೂ ಬೇಡ, ಇಷ್ಟವಿರುವವರಿಂದ ಜೀವನಪೂರ್ತಿ ಬಿಡಿಸುತ್ತೇನೆ ಎಂಬ ಪಣವೂ ಬೇಡ.

ಹಂತ 6: ಎರಡು ಮನೆಗಳ ನಡುವೆ ದಾರಿ ಮಾಡಿ

ಇಬ್ಬರು ಎಷ್ಟೇ ಹೊಂದಿದರೂ ಅವರ ಹಿಂದೆ ಎರಡು ಕುಟುಂಬಗಳಿವೆ. ಹಬ್ಬಕ್ಕೆ ಯಾರ ಮನೆ, ಗೌರಿ ಬಾಗಿನಕ್ಕೆ ತವರಿಗೆ ಹೋಗುವುದು ಹೇಗೆ, ಚೊಚ್ಚಲ ಬಾಣಂತನ ಎಲ್ಲಿ, ಎಷ್ಟು ತಿಂಗಳು? ಗಂಡ ಆ ತಿಂಗಳುಗಳಲ್ಲಿ ಮಗುವನ್ನು ನೋಡಲು ಅತಿಥಿಯಂತೆ ಹೋಗುತ್ತಾನೋ, ರಜೆ ಹಾಕಿ ಜೊತೆಗಿರುತ್ತಾನೋ? ಅತ್ತೆ-ಮಾವನನ್ನು ಏನೆಂದು ಕರೆಯುವುದು, ಗಂಡ-ಹೆಂಡತಿ ‘ನೀವು’ ಅಂತಲೋ ‘ನೀನು’ ಅಂತಲೋ? ಹಿರಿಯರ ಮುಂದೆ ‘ರೀ’, ಒಳಗೆ ಹೆಸರು ಅನ್ನುವ ಮನೆಗಳೂ ಇವೆ. ಇಂಥ ಪದ್ಧತಿಗಳಲ್ಲಿ ಸರಿ-ತಪ್ಪಿಲ್ಲ, ಮೊದಲೇ ತಿಳಿದಿದ್ದರೆ ಯಾರಿಗೂ ಮುಜುಗರವಿಲ್ಲ.

ನಿಯಮ ಒಂದಿರಲಿ: ತಂತಮ್ಮ ತಂದೆತಾಯಿಗೆ ತಾವೇ ಹೇಳುವುದು. ಸೊಸೆ ಕೆಲಸಕ್ಕೆ ಹೋಗುತ್ತಾಳೆ ಎಂದು ಅತ್ತೆಗೆ ಹೇಳಬೇಕಾದವನು ಮಗ. ಅಳಿಯ ಪ್ರತಿ ಹಬ್ಬಕ್ಕೂ ಬರಲಾರ ಎಂದು ಹೇಳಬೇಕಾದವಳು ಮಗಳು.

ಜಾತಿ ಅಥವಾ ಧರ್ಮ ಬೇರೆಯಿರುವ ಜೋಡಿಗಳಿಗೆ ಈ ಹಂತ ಎಲ್ಲಕ್ಕಿಂತ ಮುಖ್ಯ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರಾದ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಎರಡು ಮನೆಗಳ ನಂಬಿಕೆ ಒಂದೇ ಆಗಿತ್ತು, ಹುಟ್ಟು ಮಾತ್ರ ಬೇರೆ. ಕಷ್ಟ ಬಂದದ್ದು ಹೊರಗಿನಿಂದ. ಇವತ್ತಿಗೂ ಇಂಥ ಮದುವೆಗಳಲ್ಲಿ ತಿಕ್ಕಾಟ ಬಹಳ ಸಲ ದಂಪತಿಯ ಒಳಗಿಂದ ಹುಟ್ಟುವುದಿಲ್ಲ, ಸುತ್ತಲಿನವರಿಂದ ಹುಟ್ಟುತ್ತದೆ. ಆದ್ದರಿಂದ ಯಾರ ಬೆಂಬಲ ಇದೆ, ಯಾರದಿಲ್ಲ ಎಂದು ಹೆಸರು ಹಿಡಿದು ಬರೆಯಿರಿ. ಮದುವೆ ಯಾವ ಪದ್ಧತಿಯಲ್ಲಿ ಎಂದು ತೀರ್ಮಾನಿಸಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಇಬ್ಬರೂ ತಮ್ಮ ಧರ್ಮ ಬಿಡದೆ ಮದುವೆಯಾಗಬಹುದು, 30 ದಿನದ ನೋಟಿಸ್ ಅವಧಿ ಇರುತ್ತದೆ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ಸರಳ ಪದ್ಧತಿಯನ್ನು ಕರ್ನಾಟಕದಲ್ಲಿ ಎಷ್ಟೋ ಜೋಡಿಗಳು ಆರಿಸಿಕೊಂಡಿದ್ದಾರೆ. ಮಗುವಿನ ಹೆಸರು, ನಾಮಕರಣ, ಶಾಲೆಯ ಅರ್ಜಿಯಲ್ಲಿ ಬರೆಯುವ ಧರ್ಮ, ಇವನ್ನೂ ಈಗಲೇ ಮಾತಾಡಿ.

ಹಂತ 7: ರಕ್ತಸಂಬಂಧದಲ್ಲಿ ಮದುವೆಯಾದರೆ ವೈದ್ಯರನ್ನು ಕಾಣಿ

ಸೋದರಮಾವನಿಗೆ ಅಕ್ಕನ ಮಗಳನ್ನು, ಸೋದರತ್ತೆಯ ಮಗನಿಗೆ ಮಗಳನ್ನು ಕೊಡುವ ರೂಢಿ ನಮ್ಮಲ್ಲಿ ಹಳೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮಂದಿಯ ಮದುವೆ ಸಂಬಂಧಿಕರೊಳಗೇ ಆಗಿದೆ. ಇದರ ಹಿಂದಿನ ಕಾರಣಗಳು ಎಲ್ಲರಿಗೂ ಗೊತ್ತು: ಕಂಡು ಬಲ್ಲ ಮನೆ, ಒಂದೇ ರೀತಿ-ರಿವಾಜು, ಹೊರಗೆ ಹೋಗದ ಹೊಲ. ಹೊಂದಾಣಿಕೆಯ ದೃಷ್ಟಿಯಿಂದ ಇದಕ್ಕಿಂತ ಹತ್ತಿರದ ಸಾಮ್ಯ ಬೇರೆ ಸಿಗದು.

ಆದರೆ ಈ ಸಾಮ್ಯ ವಂಶವಾಹಿಗಳಲ್ಲೂ ಇರುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ಸರಾಸರಿ ನಾಲ್ಕನೇ ಒಂದು ಭಾಗ, ಅತ್ತೆ-ಮಾವನ ಮಕ್ಕಳಲ್ಲಿ ಎಂಟನೇ ಒಂದು ಭಾಗ ವಂಶವಾಹಿಗಳು ಸಮಾನ. ಒಂದೇ ದೋಷಯುಕ್ತ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಮಗುವಿಗೆ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿವೆ. ಕೆಲವು ಬಗೆಯ ಹುಟ್ಟುಕಿವುಡು, ತಲಸ್ಸೇಮಿಯಾ, ಕೆಲವು ಚಯಾಪಚಯದ ದೋಷಗಳು ಇಂಥವು. ಸಾಮಾನ್ಯವಾಗಿ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 2-3 ಮಕ್ಕಳಿಗೆ ಗಂಭೀರ ಜನ್ಮದೋಷ ಇದ್ದರೆ, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಆ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಸೋದರಮಾವನ ಜೊತೆಗಿನ ಮದುವೆಯಲ್ಲಿ ಅಪಾಯ ಇನ್ನೂ ಹೆಚ್ಚು. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬುದೂ ಸತ್ಯ, ಅಪಾಯ ಏರುತ್ತದೆ ಎಂಬುದೂ ಸತ್ಯ.

ಹೀಗೆ ಮಾಡಿ: ಎರಡೂ ಕಡೆಯ ಮೂರು ತಲೆಮಾರಿನ ವಂಶವೃಕ್ಷ ಬರೆದು, ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳು, ಕಿವುಡು, ದೃಷ್ಟಿದೋಷ, ಬುದ್ಧಿಮಾಂದ್ಯ ಇದ್ದವರನ್ನು ಗುರುತಿಸಿ. ಅದನ್ನು ಹಿಡಿದು ದೊಡ್ಡ ಆಸ್ಪತ್ರೆಯ ಜೆನೆಟಿಕ್ಸ್ ವಿಭಾಗಕ್ಕೆ ಹೋಗಿ ಸಲಹೆ ಪಡೆಯಿರಿ. ತಲಸ್ಸೇಮಿಯಾ ವಾಹಕರೇ ಎಂದು ತಿಳಿಯುವ ರಕ್ತಪರೀಕ್ಷೆ ಸಂಬಂಧಿಕರಲ್ಲದ ಜೋಡಿಗಳಿಗೂ ಒಳ್ಳೆಯದು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 25. ಹುಟ್ಟಿದ ಮಗುವಿನ ಶ್ರವಣ ಪರೀಕ್ಷೆಯನ್ನು ತಪ್ಪಿಸಬೇಡಿ.

ಹಂತ 8: ಜಗಳ ಆಡುವ ರೀತಿ ಕಲಿಯಿರಿ

ಅಮೆರಿಕದ ಸಿಯಾಟಲ್‌ನಲ್ಲಿ ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಹೇಳುವುದು, ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ನೂರಕ್ಕೆ 69 ಎಂದೂ ಪೂರ್ತಿ ಬಗೆಹರಿಯುವುದಿಲ್ಲ ಎಂದು. ಅವು ಸ್ವಭಾವದಿಂದ ಹುಟ್ಟಿದವು, ಸುಖವಾಗಿರುವ ಜೋಡಿಗಳಲ್ಲೂ ಇರುತ್ತವೆ. ಅವರು ಅದೇ ವಿಷಯವನ್ನು ಹೀಯಾಳಿಸದೆ ಮತ್ತೆ ಮತ್ತೆ ಮಾತಾಡಬಲ್ಲರು, ಅಷ್ಟೇ.

ನಮ್ಮ ಮನೆಗಳಲ್ಲಿ ಪದೇಪದೇ ಕಾಣುವ ದೃಶ್ಯ: ಒಬ್ಬರು ಕೇಳುತ್ತಾ ಹೋಗುತ್ತಾರೆ, ಇನ್ನೊಬ್ಬರು ಮೊಬೈಲು ಹಿಡಿದು ಬಾಲ್ಕನಿಗೆ ಹೋಗುತ್ತಾರೆ. ಕೇಳುವವರ ದನಿ ಏರಿದಷ್ಟೂ ಹೋಗುವವರು ದೂರ. ಇದಕ್ಕೆ ಮೂರು ಕಟ್ಟುಪಾಡು ಮಾಡಿಕೊಳ್ಳಿ.

1. ಸಿಟ್ಟು ನೆತ್ತಿಗೇರಿದಾಗ ಇಪ್ಪತ್ತು ನಿಮಿಷ ಬಿಡುವು ಕೇಳಬಹುದು. ಬಿಡುವು ಕೇಳಿದವರೇ ವಾಪಸ್ಸು ಬಂದು ಮಾತು ಶುರು ಮಾಡಬೇಕು.
2. ‘ನೀನು ಯಾವಾಗಲೂ’, ‘ನಿಮ್ಮ ಮನೆಯವರೆಲ್ಲ’ ಎಂಬ ಎರಡು ಮಾತು ನಿಷೇಧ. ‘ನನಗೆ ಹೀಗಾಯಿತು’ ಎಂದು ಶುರು ಮಾಡಿ.
3. ಇನ್ನೊಬ್ಬರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ, ಅವರು ‘ಹೌದು, ಅದೇ’ ಅಂದ ಮೇಲೆ ಉತ್ತರ ಕೊಡಿ.

ಮೂರನೆಯದನ್ನು ಗಟ್ಟಿಯಾಗಿ ಹಿಡಿಯಿರಿ. ನನ್ನ ಮಾತು ಇವರಿಗೆ ತಿಳಿಯಿತು ಅನ್ನಿಸಿದ ಕ್ಷಣದಲ್ಲಿ, ಒಪ್ಪದಿದ್ದವರೂ ನಮ್ಮವರೇ ಅನ್ನಿಸುತ್ತಾರೆ.

ಒಂದು ಎಚ್ಚರಿಕೆ. ಹೊಡೆತ, ಬೆದರಿಕೆ, ಹಣ ಕೈಗೆ ಕೊಡದೆ ಕಟ್ಟಿಹಾಕುವುದು, ಫೋನ್ ಕಿತ್ತುಕೊಳ್ಳುವುದು ಹೊಂದಾಣಿಕೆಯ ಸಮಸ್ಯೆಗಳಲ್ಲ. ಅವಕ್ಕೆ ಈ ಕೈಪಿಡಿ ಮದ್ದೂ ಅಲ್ಲ. ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನಿಮ್ಮ ಬೆನ್ನಿಗಿದೆ.

ಹಂತ 9: ಮಕ್ಕಳ ವಿಷಯದಲ್ಲಿ ದಿಕ್ಕು ಒಂದಿರಲಿ

ಅಪ್ಪ-ಅಮ್ಮ ಬೇರೆ ಬೇರೆ ಸ್ವಭಾವದವರಾಗಿದ್ದರೆ ಮಗುವಿಗೆ ಲಾಭವೇ. ಒಬ್ಬರಿಂದ ಕತೆ, ಒಬ್ಬರಿಂದ ಸೈಕಲ್. ಮಗುವಿಗೆ ಕಷ್ಟವಾಗುವುದು ನಿಯಮ ಎರಡಾದಾಗ. ಅಮ್ಮ ಮೊಬೈಲ್ ಬೇಡ ಅಂದ ಕೂಡಲೇ ಅಪ್ಪ ಕೊಟ್ಟರೆ, ಮಗು ಮೊಬೈಲಿನ ಜೊತೆಗೆ ಯಾರನ್ನು ಕೇಳಿದರೆ ಕೆಲಸವಾಗುತ್ತದೆ ಎಂಬುದನ್ನೂ ಕಲಿಯುತ್ತದೆ. ಹೊಡೆಯುವುದಿಲ್ಲ, ಮಗುವಿನ ಮುಂದೆ ಒಬ್ಬರ ಮಾತನ್ನೊಬ್ಬರು ಕತ್ತರಿಸುವುದಿಲ್ಲ, ಮೊಬೈಲು-ನಿದ್ದೆ-ಓದಿಗೆ ಒಂದೇ ನಿಯಮ. ಈ ಮೂರರಲ್ಲಿ ಒಂದಾದರೆ ಸಾಕು. ಭಿನ್ನಾಭಿಪ್ರಾಯ ಇದ್ದರೆ ಮಗು ಮಲಗಿದ ಮೇಲೆ ಮಾತಾಡಿ.

ಮಾತೃಭಾಷೆ ಬೇರೆ ಬೇರೆ ಇರುವವರಿಗೆ, ಕನ್ನಡದ ನೆಲದಿಂದ ದೂರ ಇರುವವರಿಗೆ ಇನ್ನೊಂದು ತೀರ್ಮಾನ ಬೇಕು: ಮನೆಮಾತು. ತುಳು ಅಮ್ಮ, ಕನ್ನಡ ಅಪ್ಪ ಇದ್ದರೆ ಇಬ್ಬರೂ ತಂತಮ್ಮ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಲಿ. ಮಕ್ಕಳಿಗೆ ಎರಡು ಭಾಷೆ ಭಾರವಾಗುವುದಿಲ್ಲ. ಇಬ್ಬರೂ ಅನುಕೂಲಕ್ಕೆಂದು ಇಂಗ್ಲಿಷಿಗೆ ಜಾರಿದರೆ ಎರಡೂ ಭಾಷೆ ಮನೆಯಿಂದ ಹೋಗುತ್ತವೆ, ಜೊತೆಗೆ ಎರಡೂ ಕಡೆಯ ಅಜ್ಜಿಯರ ಜೊತೆಗಿನ ಮಾತೂ.

ಹಂತ 10: ವರ್ಷಕ್ಕೊಮ್ಮೆ ನೋಟ್‌ಬುಕ್ ತೆರೆಯಿರಿ

ಬಾಳುತ್ತಾ ಬಾಳುತ್ತಾ ಗಂಡ-ಹೆಂಡತಿಯ ಮುಖವೂ ಒಂದೇ ಥರ ಆಗುತ್ತದೆ ಎಂದು ಹೇಳುವುದುಂಟು. 2020ರಲ್ಲಿ 517 ಜೋಡಿಗಳ ಹಳೆಯ-ಹೊಸ ಫೋಟೊ ಹೋಲಿಸಿ ನೋಡಿದ ಸಂಶೋಧಕರಿಗೆ ಅಂಥ ಬದಲಾವಣೆ ಕಾಣಲಿಲ್ಲ. ಮೊದಲಿಂದ ಸ್ವಲ್ಪ ಸಾಮ್ಯ ಇತ್ತು, ಅದು ಬೆಳೆಯಲಿಲ್ಲ. ಕಾಲ ತಾನಾಗಿಯೇ ಎಲ್ಲವನ್ನೂ ಒಂದು ಮಾಡುತ್ತದೆ ಎಂದು ಕೂರಬೇಡಿ.

ಅದೇ ವರ್ಷ 11,196 ಜೋಡಿಗಳ ಮಾಹಿತಿಯನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿದ ಇನ್ನೊಂದು ಅಧ್ಯಯನ ಬಂತು. ಯಾರ ಸಂಬಂಧ ಚೆನ್ನಾಗಿದೆ ಎಂದು ಹೇಳಲು ವಯಸ್ಸು, ಸಂಬಳ, ಸ್ವಭಾವಗಳಿಗಿಂತ ಹೆಚ್ಚು ನೆರವಾದದ್ದು ಸಂಬಂಧದ ಒಳಗಿನ ಸಂಗತಿಗಳು: ಇವರು ನನ್ನ ಕೈಬಿಡುವುದಿಲ್ಲ ಎಂಬ ನಂಬಿಕೆ, ಪರಸ್ಪರ ಮೆಚ್ಚುಗೆ, ದಾಂಪತ್ಯ ಸುಖದಲ್ಲಿ ತೃಪ್ತಿ, ಜಗಳದ ಪ್ರಮಾಣ. ಇವು ಯಾವ ಬಯೋಡೇಟಾದಲ್ಲೂ ಬರೆದು ಬರುವುದಿಲ್ಲ. ಮದುವೆಯಾದ ಮೇಲೆ ಇಬ್ಬರೂ ಸೇರಿ ಮಾಡಿಕೊಳ್ಳಬೇಕಾದವು.

ಆದ್ದರಿಂದ ಮದುವೆಯ ವಾರ್ಷಿಕೋತ್ಸವದ ಆಸುಪಾಸಿನಲ್ಲಿ ಒಂದು ಸಂಜೆ ಎಂಟೂ ಪ್ರಶ್ನೆಗೆ ಮತ್ತೆ ಉತ್ತರ ಬರೆಯಿರಿ, ಮತ್ತೆ ಊಹಿಸಿ. ಜೊತೆಗೆ ಒಂಬತ್ತನೆಯ ಪ್ರಶ್ನೆ ಸೇರಿಸಿ: ಈ ವರ್ಷ ನೀವು ನನಗಾಗಿ ಮಾಡಿದ್ದರಲ್ಲಿ ನಾನು ಬಾಯಿಬಿಟ್ಟು ಮೆಚ್ಚದೆ ಹೋದದ್ದು ಯಾವುದು? ಉತ್ತರಗಳು ಬೇರೆಯಾಗಿದ್ದರೆ ಗಾಬರಿ ಬೇಡ. ಊಹೆಗಳು ಸರಿಯಾಗುತ್ತಾ ಹೋದರೆ ನೀವು ಸರಿದಾರಿಯಲ್ಲಿದ್ದೀರಿ.

ಒಂದೇ ವಿಷಯದಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೆ ಹೋಗುವುದು ಸಂಸಾರ ಕೆಟ್ಟದ್ದರ ಗುರುತಲ್ಲ, ಉಳಿಸಿಕೊಳ್ಳುವ ಮನಸ್ಸಿನ ಗುರುತು.

ಎಲ್ಲಿಂದ ಶುರು ಮಾಡುವುದು?

ಹತ್ತು ಹಂತ ಓದಿ ತಲೆ ಭಾರವಾಗಿದ್ದರೆ, ಈ ಭಾನುವಾರ ಎರಡನೆಯ ಹಂತವೊಂದನ್ನೇ ಮಾಡಿ. ಎಂಟರಲ್ಲಿ ಸುಲಭ ಅನ್ನಿಸುವ ಎರಡು ಪ್ರಶ್ನೆ, ಕಷ್ಟ ಅನ್ನಿಸುವ ಒಂದು ಪ್ರಶ್ನೆ ಆರಿಸಿಕೊಳ್ಳಿ. ಮಾತುಕತೆಯ ಹಂತದಲ್ಲಿರುವವರು ಮನೆಯವರಿಗೂ ಹೇಳಿ: ‘ನೀವು ನೋಡಬೇಕಾದ್ದನ್ನ ನೋಡಿದ್ದೀರಿ, ನಾವಿಬ್ಬರು ಮಾತಾಡಬೇಕಾದ್ದು ಇನ್ನೂ ಇದೆ, ಎರಡು ವಾರ ಟೈಮ್ ಕೊಡಿ.’ ಮಕ್ಕಳ ಸುಖ ಬಯಸುವ ಯಾವ ಹಿರಿಯರಿಗೂ ಇದು ಹೆಚ್ಚಿನ ಕೇಳಿಕೆಯಲ್ಲ.